ಪುಟ, ಪ್ಯಾರಾ, ಸಾಲು: ಗೇಬ್ಲರ್ ದಂಪತಿಯ ಪಠ್ಯಪುಸ್ತಕ ವಿಮರ್ಶಾ ಸೇವೆ

ಟೆಕ್ಸಾಸ್‌ನ ಮೆಲ್ ಮತ್ತು ನಾರ್ಮಾ ಗೇಬ್ಲರ್ 1961ರಲ್ಲಿ ಮಗನ ಪಠ್ಯಪುಸ್ತಕ ನೋಡಿ ಶುರುಮಾಡಿದ ಸಂಪ್ರದಾಯವಾದಿ ಹೋರಾಟವೇ ಮುಂದೆ ಲಾಂಗ್‌ವ್ಯೂ ಪಟ್ಟಣದ ಎಜುಕೇಷನಲ್ ರಿಸರ್ಚ್ ಅನಲಿಸ್ಟ್ಸ್ ಎಂಬ ಪಠ್ಯಪುಸ್ತಕ ವಿಮರ್ಶಾ ಸಂಸ್ಥೆಯಾಯಿತು. ಪೋಷಕರಿಗೆ ಅವರು ಕಳಿಸುತ್ತಿದ್ದ ವಿಮರ್ಶೆಯ ಬಲವೆಲ್ಲ ಅದರ ಕ್ರಮದಲ್ಲಿತ್ತು: ಪುಟ, ಪ್ಯಾರಾ, ಸಾಲಿನ ಸಂಖ್ಯೆ, ಪಠ್ಯದ ಮಾತು, ಜೊತೆಗೇ ಆಕ್ಷೇಪಣೆ. ಪಠ್ಯಪುಸ್ತಕ ಆಯ್ಕೆಗೆ ರಾಜ್ಯ ಶಿಕ್ಷಣ ಮಂಡಳಿ ನಡೆಸುವ ವಿಚಾರಣೆಯಲ್ಲಿ ಅದನ್ನೇ ಮುಂದಿಡಬಹುದಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್ ಕೊರಿಯಾ ಮೇಲೆ ಅಣುಬಾಂಬ್ ಹಾಕಿದರೆಂದು ಪಠ್ಯದಲ್ಲಿದ್ದ ತಪ್ಪು ಸಿಕ್ಕಿದ್ದು ಇಂಥ ಓದಿನಿಂದಲೇ. ಅದಕ್ಕೆ ಪೂರ್ಣ ಅಂಕ.

ಆದರೆ ಈ ವಿಮರ್ಶೆಗಳಲ್ಲಿ ಸಂಗತಿಯ ತಪ್ಪೂ ಅಭಿಪ್ರಾಯಭೇದವೂ ಒಟ್ಟೊಟ್ಟಿಗೆ ಬರುತ್ತವೆ, ಬೇರ್ಪಡಿಸುವ ಕೆಲಸ ಓದುಗರದ್ದು. ವಿಕಾಸವಾದದ ಮೇಲಿನ ಅವರ ತಕರಾರು ವಿಜ್ಞಾನದ ಮುಂದೆ ನಿಲ್ಲದು. ಬಳಸುವವರು ಮೂಲ ಪುಸ್ತಕ ತೆರೆದು ಹಿಂದುಮುಂದಿನ ಪ್ಯಾರಾ ಓದಲೇಬೇಕು. ಬಿಡಿ ಸಾಲು ದಾರಿ ತಪ್ಪಿಸುತ್ತದೆ. ಆವೃತ್ತಿಯನ್ನೂ ನೋಡಿಕೊಳ್ಳಿ, ಅದು ಬೇರೆಯಾದರೆ ಪುಟಸಂಖ್ಯೆ ತಾಳೆಯಾಗುವುದಿಲ್ಲ.