ದೊಡ್ಡ ಸಂಖ್ಯೆಗಳಿಗೆ ಪಾರಿ ಜಿಪಿ: ಬಳಕೆದಾರರ ವಿಮರ್ಶೆ

147573952589676412927 ಎಂಬ 21 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ ಕೋಶದಲ್ಲಿ ಟೈಪ್ ಮಾಡಿದರೆ ಮೊದಲ 15 ಅಂಕಿಗಳಷ್ಟೇ ಉಳಿಯುತ್ತವೆ, ಮಿಕ್ಕ ಆರೂ ಸೊನ್ನೆಯಾಗುತ್ತವೆ. ಬೆಸ ಸಂಖ್ಯೆ ಸಮಸಂಖ್ಯೆಯಾದ ಮೇಲೆ ಅದರ ಭಾಜಕಗಳನ್ನು ಹುಡುಕುವುದೇ ವ್ಯರ್ಥ. ಪಾರಿ ಜಿಪಿ ಎಂಬ ಉಚಿತ ತಂತ್ರಾಂಶ ಒಂದು ಅಂಕಿಯನ್ನೂ ಬಿಡುವುದಿಲ್ಲ.

ಈ ಸಂಖ್ಯೆ ಎರಡರ 67ನೇ ಘಾತಕ್ಕಿಂತ ಒಂದು ಕಡಿಮೆ. 'ಫ್ಯಾಕ್ಟರ್' ಆದೇಶ ಕೊಟ್ಟರೆ ಎರಡು ಕಂಬಸಾಲು ಬರುತ್ತದೆ: ಎಡಕ್ಕೆ 193707721 ಮತ್ತು 761838257287, ಬಲಕ್ಕೆ ಅವುಗಳ ಘಾತ, ಎರಡೂ 1. ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ 1903ರಲ್ಲಿ ಕೈಲೆಕ್ಕದಿಂದ ತೋರಿಸಿದ್ದೂ ಇವೇ ಎರಡು ಅಪವರ್ತನಗಳನ್ನು. 'ಸಿಗ್ಮಾ' ಆದೇಶ ನಾಲ್ಕೂ ಭಾಜಕಗಳ (1, ಈ ಎರಡು ಮತ್ತು ಮೂಲ ಸಂಖ್ಯೆ) ಮೊತ್ತ ಕೊಡುತ್ತದೆ: 147573953351708377936. ಇನ್ನೊಂದು ಸೊಗಸು ನೋಡಿ, ಮೊದಲ ಅಪವರ್ತನದಲ್ಲಿ ಒಂದು ಕಳೆದು 134ರಿಂದ, ಅಂದರೆ 67ರ ಎರಡರಷ್ಟರಿಂದ, ಭಾಗಿಸಿದರೆ ಶೇಷವಿಲ್ಲದೆ 1445580.

ಎಡವುವ ಜಾಗಗಳೂ ಇವೆ. ಹತ್ತರ ಘಾತವನ್ನು 'ಇ' ಅಕ್ಷರ ಹಾಕಿ ಬರೆದರೆ ಅದು ಪೂರ್ಣಾಂಕವಾಗಿ ಉಳಿಯದೆ ದಶಮಾಂಶ ಸಂಖ್ಯೆಯಾಗುತ್ತದೆ, ಘಾತಚಿಹ್ನೆಯನ್ನೇ (^) ಬಳಸಿ. 'ಫ್ಯಾಕ್ಟರ್' ಕೊಡುವ ದೊಡ್ಡ ಅಪವರ್ತನಗಳು ಅವಿಭಾಜ್ಯ ಎಂಬುದು ಪುರಾವೆಯಾಗದ ಬರೀ ಪರೀಕ್ಷೆಯಿಂದ ಬಂದ ತೀರ್ಮಾನ. ಗಣಿತದ ಪುರಾವೆ ಬೇಕಿದ್ದರೆ 'ಈಸ್‌ಪ್ರೈಮ್' ಓಡಿಸಿ. 50 ಅಂಕಿಯ ಎರಡು ಅವಿಭಾಜ್ಯಗಳ ಗುಣಲಬ್ಧ ಕೊಟ್ಟರೆ ಮಾತ್ರ ಬಹಳ ಹೊತ್ತು ಕಾಯಬೇಕು. ಅಂಥ ಕೆಲಸಕ್ಕೆ ಇದು ತಕ್ಕ ಸಾಧನವಲ್ಲ.