‘ಟರ್ನ್ ಲೂಸ್ ದ ಸ್ವಾನ್ಸ್’: ವರ್ಷಗಟ್ಟಲೆ ಕೇಳಿದ ಮೇಲೆ

ಮೈ ಡೈಯಿಂಗ್ ಬ್ರೈಡ್ ಎಂಬ ಇಂಗ್ಲೆಂಡಿನ ಮೆಟಲ್ (ಭಾರೀ ಗಿಟಾರಿನ ರಾಕ್) ತಂಡವನ್ನು ಯಾವ ಆಲ್ಬಮ್‌ನಿಂದ ಕೇಳಲು ಶುರು ಮಾಡಬೇಕು ಎಂದು ವಿಚಾರಿಸಿದವರಿಗೆಲ್ಲ ನಾನು ಹೇಳುವುದು 1993ರ ‘ಟರ್ನ್ ಲೂಸ್ ದ ಸ್ವಾನ್ಸ್’ ಹೆಸರನ್ನೇ. ಕಾಲೇಜಿನ ದಿನಗಳಿಂದ ಕೇಳುತ್ತಿದ್ದೇನೆ, ಇನ್ನೂ ಹಳತಾಗಿಲ್ಲ. ಬದಿಯಡ್ಕದ ಕಡೆ ಆಟಿಯ ಮಳೆ ಹಿಡಿದರೆ ಬೇರೇನೂ ಹಾಕಲು ಮನಸ್ಸೇ ಬರುವುದಿಲ್ಲ.

ಬಿರುಸಿನ ಡೆತ್ ಮೆಟಲ್‌ನ ಗಂಟಲನ್ನು ಡೂಮ್ ಎಂಬ ಇನ್ನೊಂದು ಮೆಟಲ್ ಪ್ರಕಾರದ ನಿಧಾನಗತಿಗೆ ಬೆಸೆದ ಇಂಗ್ಲೆಂಡಿನ ತಂಡಗಳಲ್ಲಿ ಪ್ಯಾರಡೈಸ್ ಲಾಸ್ಟ್, ಅನಾಥೆಮಾ ಜೊತೆ ಇವರದೂ ಮೊದಲ ಸಾಲು. ಆದರೆ 1992ರ ಚೊಚ್ಚಲ ಆಲ್ಬಮ್ ‘ಆ್ಯಸ್ ದ ಫ್ಲವರ್ ವಿದರ್ಸ್’ನಲ್ಲಿ ಆ ಬೆಸುಗೆ ಇನ್ನೂ ಹಸಿ. ಹಾಡುಗಾರ ಆರನ್ ಸ್ಟೇನ್‌ಥಾರ್ಪ್ ಅವರದು ಹೆಚ್ಚಾಗಿ ಗ್ರೌಲ್, ಅಂದರೆ ಗಂಟಲಾಳದ ಗುರುಗುಟ್ಟುವ ದನಿ. ‘ದ ಫಾರೆವರ್ ಪೀಪಲ್’ ಅಂತೂ ಬಿರುಸಿನ ಓಟ. ಮಾರ್ಟಿನ್ ಪೊವೆಲ್ ವಯೊಲಿನ್ ಇದೆ, ಆದರೆ ಅತಿಥಿಯಾಗಿ ಬಂದು ಹೋಗುತ್ತದೆ.

ಮರುವರ್ಷ ಆ ವಯೊಲಿನ್ ಮನೆಯವರದೇ ಆಯಿತು. ಗುರುತು ಬೇಕಿದ್ದರೆ ‘ಸಿಯರ್ ಮಿ’ ಕೇಳಿ. ಮೊದಲ ಆಲ್ಬಮ್‌ನಲ್ಲಿ ಅದು ಗಿಟಾರು, ಡ್ರಮ್ಸ್, ಗ್ರೌಲ್ ತುಂಬಿದ ಭಾರೀ ಹಾಡು. ‘ಸ್ವಾನ್ಸ್’ ಶುರುವಾಗುವುದೇ ಅದರ ಹೊಸ ರೂಪದಿಂದ. ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ಪಿಯಾನೊ, ವಯೊಲಿನ್, ಮೆಲ್ಲಗೆ ಮಾತಾಡಿದಂತಹ ದನಿ, ಅಷ್ಟೆ. ಏಳು ನಿಮಿಷ ಹಾಗೇ ಸಾಗುತ್ತದೆ. ಮೆಟಲ್ ಕೇಳಲು ಕೂತವರ ಮುಂದೆ ಇದನ್ನೇ ಮೊದಲು ಇಡಲು ಎಂಥ ಧೈರ್ಯ!

ನನಗೆ ಎಲ್ಲಕ್ಕಿಂತ ದೊಡ್ಡದು ‘ದ ಕ್ರೌನ್ ಆಫ್ ಸಿಂಪಥಿ’. ಹನ್ನೆರಡು ನಿಮಿಷ. ಭಾಗವತರು ವಿಳಂಬದಲ್ಲಿ ಪದ ಎಳೆಯುವಾಗ ಚೆಂಡೆಯವರು ಕೋಲು ಹಿಡಿದು ಕಾಯುತ್ತಾರಲ್ಲ, ಇಲ್ಲಿ ರಿಕ್ ಮಿಯಾ ಡ್ರಮ್ಸ್ ನುಡಿಸುವುದು ಹಾಗೆ. ಒಂದು ಪೆಟ್ಟು ಬಿದ್ದು ಇನ್ನೊಂದು ಬೀಳುವ ನಡುವಿನ ಜಾಗದಲ್ಲಿ ಗಿಟಾರಿನ ಗುಂಗು ಪೂರ್ತಿ ಕೇಳಿಸುತ್ತದೆ. ಆರನ್ ಗ್ರೌಲ್ ಬಿಟ್ಟು ಬಿಚ್ಚುಗಂಟಲಲ್ಲಿ ಹಾಡುವಾಗ ದನಿ ಅಲ್ಲಲ್ಲಿ ನಡುಗುತ್ತದೆ. ಶ್ರುತಿ ಸಾಲದು ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ, ಆ ನಡುಕ ಇಲ್ಲದಿದ್ದರೆ ಹಾಡಿನ ಸಂಕಟವನ್ನು ನಾನು ನಂಬುತ್ತಿರಲಿಲ್ಲ.

ಕೊರತೆ ಇಲ್ಲವೇ? ‘ದ ಸಾಂಗ್‌ಲೆಸ್ ಬರ್ಡ್’ ಉಳಿದವುಗಳ ಎತ್ತರಕ್ಕೆ ಏರುವುದಿಲ್ಲ. 1995ರ ‘ದಿ ಏಂಜೆಲ್ ಆ್ಯಂಡ್ ದ ಡಾರ್ಕ್ ರಿವರ್’ ಇದಕ್ಕಿಂತ ಮೇಲು ಎನ್ನುವವರೂ ಉಂಟು. ಚೆಂದದ ಆಲ್ಬಮ್ಮೇ, ಆದರೆ ಅದರಲ್ಲಿ ಗ್ರೌಲ್ ಪೂರ್ತಿ ಬಿಟ್ಟರು. ಎರಡು ದನಿಗಳ ಜಗಳ ‘ಸ್ವಾನ್ಸ್’ನಲ್ಲಿದ್ದಷ್ಟು ಜೀವಂತವಾಗಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿದರೂ ಮೊದಲ ಹಾಡು ಎಂಜಿನ್ನಿನ ಸದ್ದಿಗೇ ಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿ, ಒಂದು ಗಂಟೆ ಬಿಡುವು ಮಾಡಿಕೊಂಡು, ಏಳೂ ಹಾಡುಗಳನ್ನು ಸಾಲಾಗಿ ಕೇಳಿ. ಮರುಮುದ್ರಣದಲ್ಲಿ ಹೆಚ್ಚುವರಿ ಹಾಡು ಸೇರಿಸಿದ್ದರೂ ಮೊದಲ ಸಲ ‘ಬ್ಲ್ಯಾಕ್ ಗಾಡ್’ ಮುಗಿದಲ್ಲಿಗೆ ನಿಲ್ಲಿಸಿ.