ಫೋಟೋ ನೋಡಿ ನೊಣದ ಜಾತಿ ಹೇಳುವವರಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬ್ಲೋಫ್ಲೈ, ಅಂದರೆ ಹೆಣ, ಕೊಳೆತ ಮಾಂಸಕ್ಕೆ ಮುತ್ತುವ ಹೊಳಪಿನ ನೊಣ, ಅದರ ಫೋಟೋ ಕಳಿಸಿದರೆ ಜಾತಿ ಯಾವುದು ಅಂತ ಖಚಿತವಾಗಿ ಬರೆದುಕೊಡುತ್ತೇವೆ ಎನ್ನುವ ಸೇವೆಯೊಂದಕ್ಕೆ ದುಡ್ಡು ಕಟ್ಟಿದ್ದೆ. ಹೆಸರು ಬೇಡ, ಇಂಥವರು ಬೇಕಾದಷ್ಟು ಜನ ಇದ್ದಾರೆ.

ಕಳಿಸಿದ್ದು ಹಸಿರು ನೊಣದ ಫೋಟೋ. ಮೇಲಿನಿಂದ ತೆಗೆದದ್ದು, ಫೋಕಸ್ ಚೆನ್ನಾಗಿತ್ತು. ಬೇಗನೇ ಉತ್ತರ ಬಂತು: ಲುಸಿಲಿಯಾ ಸೆರಿಕಾಟಾ, ಶೇಕಡಾ 97 ಖಚಿತ. ಕಾರಣ ಅಂತ ಕೊಟ್ಟಿದ್ದು ಒಂದೇ ಸಾಲು, ಮೈಬಣ್ಣ ಹಸಿರು. ಅಲ್ಲ ಸ್ವಾಮಿ, ಲುಸಿಲಿಯಾ ಕುಲದಲ್ಲಿ (ಕುಲ ಅಂದರೆ ಹತ್ತಿರದ ಜಾತಿಗಳ ಗುಂಪು) ಹಸಿರು ನೊಣಗಳೇ ಜಾಸ್ತಿ ಅಲ್ವಾ? ಕ್ರೈಸೋಮಯಾ ಕುಲದಲ್ಲೂ ಹಸಿರು ಇವೆ. ಬ್ಲೋಫ್ಲೈ ಅಲ್ಲವೇ ಅಲ್ಲದ, ಮನೆನೊಣದ ಕುಟುಂಬಕ್ಕೆ ಸೇರಿದ ನಿಯೋಮಿಯಾ ಕೂಡ ಹಾಗೇ ಥಳಥಳ ಅನ್ನುತ್ತದೆ. ಸಾಲದ್ದಕ್ಕೆ, ಬೆಳಕು ಬದಲಾದರೆ ಅದೇ ನೊಣ ನೀಲಿಯಾಗಿಯೋ ತಾಮ್ರದ ಬಣ್ಣವಾಗಿಯೋ ಕಾಣುತ್ತದೆ.

ಪುಣ್ಯಕ್ಕೆ ಆ ನೊಣವನ್ನು ಪಿನ್ ಚುಚ್ಚಿ ಇಟ್ಟಿದ್ದೆ. ಕೀಟಶಾಸ್ತ್ರ ಓದಿದ ಪರಿಚಯದವರೊಬ್ಬರು ಮೈಕ್ರೋಸ್ಕೋಪಿನಲ್ಲಿ ನೋಡಿದರು. ತಲೆಯ ಹಿಂಭಾಗದಲ್ಲಿ, ನೆತ್ತಿಯ ದಪ್ಪ ಕೂದಲುಗಳ ಹಿಂದೆ, ಆ ಕಡೆ ಒಂದು, ಈ ಕಡೆ ಒಂದು ಸಣ್ಣ ಕೂದಲು. ಅಷ್ಟೇ. ಸೆರಿಕಾಟಾ ಆಗಿದ್ದರೆ ಸಾಮಾನ್ಯವಾಗಿ ಒಂದೊಂದು ಕಡೆಯೂ 6ರಿಂದ 8 ಇರುತ್ತವೆ. ಮುಂಗಾಲಿನ ತೊಡೆಯೂ ಹಸಿರಾಗಿ ಮಿನುಗುತ್ತಿತ್ತು. ಸೆರಿಕಾಟಾದಲ್ಲಿ ಅದು ಕಪ್ಪು ಇಲ್ಲವೇ ಕಡುನೀಲಿ. ನನ್ನ ನೊಣ ಲುಸಿಲಿಯಾ ಕುಪ್ರಿನಾ! ಕಳಿಸಿದ ಫೋಟೋದಲ್ಲಿ ಆ ಕೂದಲೂ ಕಾಣುವುದಿಲ್ಲ, ಆ ತೊಡೆಯೂ ಕಾಣುವುದಿಲ್ಲ. ಹಾಗಾದರೆ ಏನು ನೋಡಿ 97 ಅಂದರು? ಕೇಳಿದರೆ "ಅದು ನಮ್ಮ ಸಿಸ್ಟಮ್ ಕೊಟ್ಟ ಅಂಕಿ" ಅಂದರು. ದುಡ್ಡು ವಾಪಸ್ ಇಲ್ಲವಂತೆ.

ಒಂದು ನೊಣದ ಹೆಸರು ತಪ್ಪಾದರೆ ಗಂಟೇನು ಹೋಯಿತು ಅನ್ನಬೇಡಿ. ಹೆಣದ ಮೇಲೆ ಇಂಥ ನೊಣಗಳು ಇಟ್ಟ ಮೊಟ್ಟೆಯಿಂದ ಬಂದ ಹುಳುಗಳ ವಯಸ್ಸು ನೋಡಿ ಸಾವಿನ ಸಮಯ ಅಂದಾಜು ಮಾಡುತ್ತಾರೆ. ಹುಳು ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದು ಜಾತಿಗೂ ತಾಪಮಾನಕ್ಕೂ ತಕ್ಕ ಹಾಗೆ ಬದಲಾಗುತ್ತದೆ. ಜಾತಿ ತಪ್ಪಿದರೆ ಲೆಕ್ಕವೂ ತಪ್ಪು. ಇನ್ನು ಕ್ರೈಸೋಮಯಾ ಬೆಜ್ಜಿಯಾನಾ ಬದುಕಿರುವ ಪ್ರಾಣಿಯ ಗಾಯದಲ್ಲೇ ಮೊಟ್ಟೆ ಇಡುತ್ತದೆ, ಹುಳುಗಳು ಜೀವಂತ ಮಾಂಸ ತಿನ್ನುತ್ತವೆ. ಹೆಚ್ಚಾಗಿ ಸತ್ತದ್ದಕ್ಕೆ, ಹೇಸಿಗೆಗೆ ಮುತ್ತುವ, ಅದೇ ಕುಲದ ಮೆಗಾಸೆಫಲಾ ನೋಡುವುದಕ್ಕೆ ಅದರ ಹಾಗೇ ಇದೆ. ಇವೆರಡನ್ನು ಅದಲುಬದಲು ಮಾಡಿದರೆ ದನಕರು ಸಾಕುವವರ ಪಾಡೇನು?

ಫೋಟೋನೇ ದಂಡ ಅಂತಲ್ಲ. ನೀಲಿ ಬ್ಲೋಫ್ಲೈಗಳಲ್ಲಿ ಕ್ಯಾಲಿಫೋರಾ ವಿಸಿನಾದ ಕೆನ್ನೆ ಕಿತ್ತಳೆ ಬಣ್ಣ. ಅದೇ ಕುಲದ ವೊಮಿಟೋರಿಯಾದ ಕೆನ್ನೆ ಕಪ್ಪು, ಅದರ ಮೇಲೆ ಕಿತ್ತಳೆ ಕೂದಲು. ಮುಖದ ಒಳ್ಳೆಯ ಕ್ಲೋಸಪ್ ಇದ್ದರೆ ಇದು ಗೊತ್ತಾಗುತ್ತದೆ. ಅದಕ್ಕೇ ಸುಮ್ನೆ ಬೆನ್ನು ಮಾತ್ರ ತೆಗೆಯಬೇಡಿ. ಮುಖ, ಪಕ್ಕ, ತಲೆಯ ಹಿಂಭಾಗ, ರೆಕ್ಕೆಯ ಬುಡ, ಕಾಲು ಎಲ್ಲವೂ ಬೇಕು. ಆದರೆ ನೊಣವನ್ನೂ ಇಟ್ಟುಕೊಳ್ಳಿ.

ದುಡ್ಡು ಕಟ್ಟುವ ಮುಂಚೆ "ಯಾವ ಗುರುತು ನೋಡಿ ಹೇಳ್ತೀರಿ?" ಅಂತ ಕೇಳಿ. ಬಣ್ಣ ಅಂದರೆ ಅಲ್ಲಿಗೇ ಬಿಡಿ. "ಈ ಫೋಟೋದಲ್ಲಿ ಕುಲದವರೆಗೆ ಮಾತ್ರ ಹೇಳಬಹುದು" ಅಂದರೆ ಮಾತು ಮುಂದುವರಿಸಿ.